ಮೊದಲು ಸೂಜಿ ತೋರಿಸ್ರಿ

ನಲವತ್ತೇಳನೆಯ ವಯಸ್ಸಿನಲ್ಲಿ ನನ್ನ ಎರಡೂ ಹುಬ್ಬುಗಳು ಉದುರಿಹೋದವು. ಮೊದಲು ಎಡಹುಬ್ಬಿನ ತುದಿ, ಆಮೇಲೆ ನಡುವಿನ ಕೂದಲು. ಆರು ತಿಂಗಳಲ್ಲಿ ಎರಡೂ ಕಡೆ ಬರೀ ಚರ್ಮ ಉಳಿಯಿತು. ಚರ್ಮದ ಡಾಕ್ಟರು ಅದಕ್ಕೊಂದು ಉದ್ದನೆಯ ಹೆಸರು ಹೇಳಿದರು. ಮುಲಾಮು ಬರೆದುಕೊಟ್ಟು, "ಬಂದರೂ ಬರಬಹುದು, ಬರದೆಯೂ ಇರಬಹುದು" ಎಂದರು. ಬರಲಿಲ್ಲ.

ನಾನು ಖಾನಾಪುರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಮನೆ ಬೆಳಗಾವಿಯ ರಾಮತೀರ್ಥ ನಗರದಲ್ಲಿ. ದಿನಾ ಬೆಳಿಗ್ಗೆ ಪೆನ್ಸಿಲ್ಲಿನಿಂದ ಹುಬ್ಬು ಬರೆದುಕೊಂಡು ಬಸ್ಸು ಹತ್ತುತ್ತಿದ್ದೆ. ಒಂದು ಬಿಸಿಲಿನ ದಿನ ಪಾಠದ ನಡುವೆ ಸೆರಗಿನಿಂದ ಮುಖ ಒರೆಸಿಕೊಂಡೆ. ಮುಂದಿನ ಬೆಂಚಿನ ಹುಡುಗಿ ಮೆಲ್ಲಗೆ, "ಟೀಚರ್, ನಿಮ್ಮ ಒಂದು ಹುಬ್ಬು ಅಳಿಸೇತ್ರಿ" ಅಂದಳು. ಯಾರೂ ನಗಲಿಲ್ಲ. ಇಡೀ ತರಗತಿ ಸುಮ್ಮನೆ ನನ್ನನ್ನು ನೋಡಿತು. ನಕ್ಕಿದ್ದರೆ ಗದರಿಸಬಹುದಿತ್ತು. ಆ ಮೌನಕ್ಕೆ ಏನು ಮಾಡುವುದು?

"ಅದು ಮೊದಲ ಇರಲಿಲ್ಲವ್ವಾ, ಬರಕೊಂಡಿದ್ದೆ" ಎಂದು ಹೇಳಿ, ಇನ್ನೊಂದು ಹುಬ್ಬನ್ನೂ ಎಲ್ಲರೆದುರಿಗೇ ಒರೆಸಿ, ಪಾಠ ಮುಂದುವರಿಸಿದೆ.

ಆದರೆ ಅವತ್ತು ಸಂಜೆಯೇ ಹುಬ್ಬಿಗೆ ಶಾಶ್ವತವಾಗಿ ಬಣ್ಣ ಹಾಕಿಸಿಕೊಳ್ಳುವುದೆಂದು ತೀರ್ಮಾನಿಸಿದೆ. ಸೂಜಿಯಿಂದ ಚರ್ಮದೊಳಗೆ ಬಣ್ಣ ಇಳಿಸುತ್ತಾರೆ, ಒಂದೆರಡು ವರ್ಷ ಉಳಿಯುತ್ತದೆ ಎಂದು ಓದಿದ್ದೆ.

"ಈ ವಯಸ್ಸಿನಾಗ ಅದೆಲ್ಲಾ ಯಾಕ ಬೇಕು?" ಎಂದರು ನನ್ನ ಗಂಡ.

"ನಿಮ್ಮ ತಲೀಗೆ ತಿಂಗಳಿಗೊಮ್ಮೆ ಕರೇ ಬಣ್ಣ ಯಾಕ ಬೇಕೋ ಅದಕ್ಕ."

ಅವರು ಪೇಪರು ಓದಲು ಹೊರಟುಹೋದರು. ಅವರು ಹಚ್ಚಿಕೊಳ್ಳುವ ಆ ಬಣ್ಣವನ್ನು ನಾನೂ ಒಮ್ಮೆ ಹಚ್ಚಿಕೊಂಡಿದ್ದೆ. ಮಾರನೆಯ ದಿನ ಕಿವಿಗಳು ಬಾತು, ಹಣೆಯ ತುಂಬ ನೀರುಗುಳ್ಳೆ ಎದ್ದು ಒಂದು ವಾರ ರಜೆ ಹಾಕಿದ್ದೆ. ಅಂದಿನಿಂದ ಚರ್ಮಕ್ಕೆ ತಾಗುವ ಯಾವುದನ್ನೇ ಆಗಲಿ, ಹಿಂದಿನ ಚೀಟಿ ಓದದೆ ಮುಟ್ಟುವುದಿಲ್ಲ.

ನನ್ನ ಗಂಡನ ತಂಗಿಗೆ ವಿಷಯ ತಿಳಿದು ಖುಷಿಯಾಯಿತು. ಅವಳ ಮಗಳ ಮದುವೆಗೆ ಮೂರು ವಾರ ಉಳಿದಿತ್ತು. "ವೈನಿ, ನನ್ನ ಗೆಳತೀದ ಪಾರ್ಲರ್ ಐತಿ. ಎರಡು ತಾಸಿನ ಕೆಲಸ. ಫೋಟೋದಾಗ ನೀವು ಎಷ್ಟು ಚಂದ ಕಾಣ್ತೀರಿ ನೋಡ್ರಿ" ಎಂದು ತಾನೇ ದಿನ ಗೊತ್ತುಮಾಡಿ ಕರೆದುಕೊಂಡು ಹೋದಳು.

ಪಾರ್ಲರಿನ ಒಡತಿ ನಗುನಗುತ್ತಲೇ "ಬರ್ರಿ, ಕುಂದರ್ರಿ" ಎಂದು ಒರಗು ಕುರ್ಚಿಯಲ್ಲಿ ಕೂರಿಸಿದಳು. ನೂಲು ಹಿಡಿದು ಅಳತೆ ಮಾಡಿ, ನನ್ನ ಹಣೆಯ ಮೇಲೆ ಕಂದು ಪೆನ್ನಿನಿಂದ ಎರಡು ದಪ್ಪ ಹುಬ್ಬು ಬರೆದಳು. ಕನ್ನಡಿಯಲ್ಲಿ ನೋಡಿಕೊಂಡೆ. ಸುಳ್ಳು ಹೇಳಬಾರದು, ಕಣ್ಣು ತುಂಬಿಬಂತು. ಎಷ್ಟೋ ದಿನಗಳ ಮೇಲೆ ನನ್ನ ಮುಖ ನನಗೆ ಸಿಕ್ಕಿತ್ತು.

ಆಮೇಲೆ ಅವಳು ಮೇಜಿನ ಖಾನೆಯಿಂದ ಒಂದು ಸ್ಟೀಲ್ ಡಬ್ಬಿ ತೆಗೆದಳು. ಅದರೊಳಗೆ ಹತ್ತಿಯ ಮೇಲೆ ಸೂಜಿಯ ಹಿಡಿಕೆ ಇತ್ತು. ಸೂಜಿ ಆಗಲೇ ಅದಕ್ಕೆ ಜೋಡಿಸಿತ್ತು. ಬಾಜುವಿನಲ್ಲಿ ಬಣ್ಣದ ಸಣ್ಣ ಬಾಟಲಿ, ಅದರ ಮೇಲಿನ ಚೀಟಿ ಕಿತ್ತುಹೋಗಿತ್ತು.

"ಈ ಸೂಜಿ ಹೊಸದೇನ್ರಿ?" ಎಂದು ಕೇಳಿದೆ.

"ಸ್ವಚ್ಛ ಐತ್ರಿ. ಡೆಟಾಲ್‌ನಾಗ ತೊಳದೀನಿ."

"ತೊಳದದ್ದು ಬ್ಯಾಡ. ನನ್ನ ಮುಂದ ಪ್ಯಾಕೆಟ್ ಹರದು ತೆಗೀರಿ. ಆ ಬಾಟಲಿ ಯಾವಾಗಿಂದು? ಅದರಾಗ ಏನೇನು ಅದಾವ?"

ಅವಳ ನಗು ಸ್ವಲ್ಪ ಬಿಗಿಯಾಯಿತು. "ಇಷ್ಟು ವರ್ಷದಾಗ ಯಾರೂ ಹಿಂಗ ಕೇಳಿಲ್ರಿ."

"ನಾ ಕೇಳಾಕತ್ತೀನಲ್ರಿ. ನನಗ ತಲೀ ಬಣ್ಣದಿಂದ ಮುಖ ಬಾತಿತ್ತು. ಮೊದಲು ಕಿವಿ ಹಿಂದ ಒಂದು ಚುಕ್ಕಿ ಹಾಕಿ ನೋಡೂಣು. ಏನೂ ಆಗಲಿಲ್ಲಂದ್ರ ಆಮೇಲೆ ಹುಬ್ಬಿಗೆ ಹಾಕ್ರಿ."

"ಹಂಗ ಮಾಡ್ಕೋತ ಕುಂತ್ರ ಮದುವಿ ಮುಗೀತೈತ್ರಿ!" ಎಂದು ಅವಳು ನನ್ನ ನಾದಿನಿಯ ಕಡೆ ನೋಡಿದಳು. ನಾದಿನಿ ನನ್ನ ಭುಜ ಒತ್ತಿ, "ವೈನಿ, ಇದು ನಿಮ್ಮ ಸಾಲಿ ಅಲ್ಲ. ಸುಮ್ನ ಮಕ್ಕೊಳ್ರಿ" ಎಂದಳು.

ಮಲಗುವ ಬದಲು ಎದ್ದು ನಿಂತೆ. "ಅಳಿಸಾಕ ಬರೂವಂಥಾದ್ದಲ್ಲ ಇದು. ನನ್ನ ಮುಖದೊಳಗ ಏನು ಹೋಗತೈತಿ ಅಂತ ಹೇಳಾಕ ಆಗದವರ ಕೈಯಾಗ ನಾ ಮುಖ ಕೊಡೂದಿಲ್ಲ" ಎಂದೆ. ಪೆನ್ನಿನಿಂದ ಬರೆದ ದಪ್ಪ ಹುಬ್ಬುಗಳೊಂದಿಗೇ ಬೀದಿಗಿಳಿದೆ. ಬಸ್ಸಿನಲ್ಲಿ ಎದುರು ಕೂತ ಮುದುಕ ಕೊನೆಯ ನಿಲ್ದಾಣದವರೆಗೂ ನನ್ನನ್ನೇ ನೋಡಿದ. ನಾನೂ ಅವನನ್ನೇ ನೋಡಿದೆ.

ಸಂಜೆಯ ಹೊತ್ತಿಗೆ ಇಡೀ ಬಳಗಕ್ಕೆ ಸುದ್ದಿ ಮುಟ್ಟಿತ್ತು. ನಾನು ಸೊಕ್ಕಿನವಳು, ನಾದಿನಿಯ ಗೆಳತಿಯ ಮರ್ಯಾದೆ ಕಳೆದವಳು. ಫೋನಿನಲ್ಲಿ ನಾದಿನಿ ಕೊನೆಗೆ ಹೇಳಿದ್ದು ಇದು: "ನಿಮ್ಮ ಅವ್ವ ಹಣೀ ಮ್ಯಾಲೆ, ಕೈ ಮ್ಯಾಲೆ ಹಚ್ಚಿ ಹಾಕಿಸ್ಕೊಂಡಿಲ್ಲೇನು? ಆಕಿ ಯಾವ ಪ್ಯಾಕೆಟ್ ನೋಡಿದ್ಲು? ಆಕಿಗೇನಾಗೇತಿ?"

ಅವ್ವನನ್ನೇ ಕೇಳಿದೆ. ಅವ್ವ ನನ್ನ ತಮ್ಮನ ಜೊತೆ ಖಾನಾಪುರದಲ್ಲೇ ಇದ್ದಾಳೆ. ಮರುದಿನ ಶಾಲೆ ಬಿಟ್ಟ ಮೇಲೆ ಹೋದಾಗ ಹಿತ್ತಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನನ್ನ ಮಾತು ಪೂರ್ತಿ ಕೇಳಿ, ಎಡಗೈಯ ಬಳೆಗಳನ್ನು ಮೊಣಕೈ ಕಡೆಗೆ ಸರಿಸಿದಳು. ಹಸಿರು ಹಚ್ಚೆಯ ಕೆಳಗೆ, ಬಳೆಗಳಡಿ ಸದಾ ಮುಚ್ಚಿರುತ್ತಿದ್ದ ಜಾಗದಲ್ಲಿ, ಹುಣಸೆಬೀಜದಂಥ ಗಂಟುಗಳ ಸಾಲು. ಇಷ್ಟು ವರ್ಷ ಅವಳ ಕೈಯಡುಗೆ ಉಂಡವಳು ನಾನು. ಒಂದು ದಿನವೂ ಕಂಡಿರಲಿಲ್ಲ.

"ನಾ ಹುಡುಗಿ ಇದ್ದಾಗ ನಮ್ಮೂರು ಕಣಕುಂಬ್ಯಾಗ ಹಚ್ಚಿ ಹಾಕೂವಾಕಿ ಬಂದಿದ್ಲು. ಒಂದ ಸೂಜಿಲೆ ಓಣಿ ಹುಡುಗ್ಯಾರಿಗೆಲ್ಲಾ ಹಾಕಿದ್ಲು. ನನ್ನ ಕೈ ಕುಂಬಳಕಾಯಿಗತೆ ಬಾತು, ತಿಂಗಳಾನುಗಟ್ಟಲೆ ಕೀವು ಸೋರಿತು. ನನ್ನ ಬಾಜೂ ಮನಿ ಹುಡುಗಿ ಜ್ವರ ಬಂದು ಏಳಲೇ ಇಲ್ಲ. ಎದರಿಂದ ಹೋದ್ಲು ಅಂತ ಯಾರೂ ವಿಚಾರ ಮಾಡಲಿಲ್ಲ."

"ಯಾಕ ಇಷ್ಟು ದಿನ ಹೇಳಲಿಲ್ಲ ಅವ್ವ?"

"ಯಾರು ಕೇಳಿದ್ರು?" ಅವಳು ಮತ್ತೆ ಅವರೆಕಾಯಿಗೆ ಕೈ ಹಾಕಿದಳು. ತಲೆ ಎತ್ತದೆಯೇ ಅಂದಳು: "ನನ್ನ ನಾಕ ಮಂದಿ ಒತ್ತಿ ಹಿಡದಿದ್ರು. ಒಲ್ಲೆ ಅಂದ್ರೂ ಬಿಡಲಿಲ್ಲ. ನಿನ್ನ ಯಾರೂ ಹಿಡದಿಲ್ಲಲ್ಲ? ಮತ್ತ, ಎದ್ದು ಬಂದಿದ್ದಕ್ಕ ಯಾಕ ಮಾರಿ ಸಣ್ಣ ಮಾಡ್ಕೊಂಡಿ?"

ಮದುವೆಗೆ ನಾನು ಹುಬ್ಬಿಲ್ಲದೆ ಹೋದೆ. ಪೆನ್ಸಿಲ್ಲನ್ನೂ ಮುಟ್ಟಲಿಲ್ಲ. ಇಳಕಲ್ ಸೀರೆ ಉಟ್ಟು, ವಿಭೂತಿ ಹಚ್ಚಿ, ಮುಡಿ ತುಂಬ ಮಲ್ಲಿಗೆ ಮುಡಿದು, ಅಕ್ಷತೆ ಹಾಕುವ ಮುಂದಿನ ಸಾಲಿನಲ್ಲೇ ನಿಂತೆ. ನಾದಿನಿ ಫೋಟೋ ತೆಗೆಯುವವನಿಗೆ ಏನೋ ಸನ್ನೆ ಮಾಡುತ್ತಿದ್ದಳು. ದೂರದ ಸಂಬಂಧಿಯೊಬ್ಬಳು ಕ್ಯಾನ್ಸರ್ ಏನ್ರಿ ಎಂದು ಪಿಸುಗುಟ್ಟಿದಳು. ನಾನು ಬಾಯಿ ತೆರೆಯುವ ಮೊದಲೇ ನನ್ನ ಗಂಡ, "ಏನೂ ಇಲ್ರಿ, ಹುಬ್ಬು ಉದುರ್ಯಾವ. ನನ್ನ ತಲೀಗೂದಲಾನೂ ಉದುರ್ಯಾವ, ಯಾರೂ ಕೇಳೂದಿಲ್ಲ" ಎಂದರು. ಅವರು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿದ್ದೇ ಅಪರೂಪ.

ಹುಬ್ಬಿನ ಆಸೆಯನ್ನು ಮಾತ್ರ ಬಿಡಲಿಲ್ಲ. ಹೆದರಿ ಬಿಡುವುದೂ ಸೋಲೇ. ಮತ್ತೆ ಚರ್ಮದ ಡಾಕ್ಟರ ಬಳಿ ಹೋದೆ. ಅವರು ಹುಬ್ಬಿನ ಜಾಗ ಪರೀಕ್ಷಿಸಿ, ರೋಗ ಈಗ ತಣ್ಣಗಿದೆ, ಮಾಡಿಸಬಹುದು ಎಂದರು. ಸಕ್ಕರೆ ಎಷ್ಟಿದೆ, ರಕ್ತ ತೆಳುವಾಗಿಸುವ ಮಾತ್ರೆ ಇದೆಯೇ, ಗಾಯ ಮಾಗಿದ ಮೇಲೆ ಚರ್ಮ ಗಂಟುಗಟ್ಟುತ್ತದೆಯೇ ಎಂದೆಲ್ಲ ಕೇಳಿದರು. ಈ ಪ್ರಶ್ನೆಗಳನ್ನು ನನಗೆ ಆ ಪಾರ್ಲರಿನಲ್ಲಿ ಯಾರೂ ಕೇಳಿರಲಿಲ್ಲ.

ವಡಗಾವಿಯ ಓಣಿಯೊಂದರಲ್ಲಿ, ಮಗ್ಗದ ಸದ್ದು ಕೇಳುವ ಮನೆಯ ಮಹಡಿಯಲ್ಲಿ, ಈ ಕೆಲಸ ಮಾಡುವ ಹೆಣ್ಣುಮಗಳೊಬ್ಬಳು ಸಿಕ್ಕಳು. ನೇಕಾರರ ಮನೆಯವಳು, ಮುಂಬೈಗೆ ಹೋಗಿ ಕಲಿತು ಬಂದವಳು. ನಾನು ಪ್ರಶ್ನೆ ಶುರುಮಾಡುವ ಮೊದಲೇ ಅವಳು ನನ್ನನ್ನು ಪ್ರಶ್ನಿಸತೊಡಗಿದಳು. ತಲೆಬಣ್ಣದ ಕಥೆ ಕೇಳಿದ ಕೂಡಲೇ, "ಹಂಗಾದ್ರ ಇವತ್ತು ನಾ ನಿಮ್ಮ ಹುಬ್ಬು ಮುಟ್ಟೂದಿಲ್ರಿ" ಎಂದಳು. ಕೈ ತೊಳೆದು ಗ್ಲೌಸ್ ಹಾಕಿಕೊಂಡು, ಮುಚ್ಚಿದ ಪ್ಯಾಕೆಟ್ಟನ್ನು ನನ್ನ ಕೈಗೇ ಕೊಟ್ಟು ತಾರೀಖು ಓದಿಸಿದಳು. ಒಂದೊಂದು ಕಿವಿಯ ಹಿಂದೆ ಒಂದೊಂದು ಕಂಪನಿಯ ಬಣ್ಣ ಚುಚ್ಚಿದಳು. ಚರ್ಮ ಮರಗಟ್ಟಿಸುವ ಮುಲಾಮನ್ನೂ ಕೈಗೆ ಹಚ್ಚಿ ನೋಡಿದಳು.

ಮೂರನೆಯ ದಿನ ಬಲಗಿವಿಯ ಹಿಂದೆ ತುರಿಕೆ ಶುರುವಾಯಿತು. ಐದನೆಯ ದಿನಕ್ಕೆ ಕೆಂಪಗೆ ಉಬ್ಬಿ ನೀರಾಡಿತು. ಎಡಗಿವಿಯ ಹಿಂದೆ ಏನೂ ಆಗಲಿಲ್ಲ. ಎರಡು ಕನ್ನಡಿ ಹಿಡಿದು ಬಲಗಿವಿಯ ಆ ಗುಳ್ಳೆಯನ್ನು ಬಹಳ ಹೊತ್ತು ನೋಡಿದೆ. ಪಾರ್ಲರಿನಲ್ಲಿ ಅವತ್ತು ಸುಮ್ಮನೆ ಮಲಗಿದ್ದರೆ? ಸಾಸಿವೆಯಷ್ಟಿದ್ದ ಈ ಗಾಯ ಎರಡು ಕಣ್ಣಿನ ಮೇಲೂ ಉದ್ದಕ್ಕೆ ಇರಬಹುದಿತ್ತು. ಆಗ ಬಂದದ್ದು ಭಯವಲ್ಲ, ಸಿಟ್ಟು. ಸುಮ್ಮನಿರು ಎಂದವರ ಮೇಲೆ, ಸುಮ್ಮನಿರಬೇಕಿತ್ತೇನೋ ಎಂದು ಇಷ್ಟು ದಿನ ಒಳಗೊಳಗೇ ಕೊರಗಿದ ನನ್ನ ಮೇಲೆಯೂ.

ಗುಳ್ಳೆ ಪೂರ್ತಿ ಒಣಗಿ, ಡಾಕ್ಟರು ಮತ್ತೊಮ್ಮೆ ನೋಡಿ ಹೂಂ ಎಂದ ಮೇಲೆ, ಎಡಗಿವಿಯ ಬಣ್ಣದಿಂದ ಹುಬ್ಬು ಹಾಕಿಸಿಕೊಂಡೆ. ಪರೀಕ್ಷೆಯಲ್ಲಿ ಪಾಸಾದರೂ ಆಮೇಲೆ ತೊಂದರೆ ಆಗುವುದೇ ಇಲ್ಲವೆಂದು ಹೇಳಲಾಗದು ಎಂದು ಅವಳು ಮೊದಲೇ ಎಚ್ಚರಿಸಿದ್ದಳು. ಅದನ್ನೂ ತಿಳಿದೇ ಕೂತೆ. ತೆಳುವಾಗಿ ಹಾಕು, ಕಡಿಮೆ ಆದರೆ ಆಮೇಲೆ ಸೇರಿಸಬಹುದು ಎಂದೆ. ಹತ್ತು ದಿನ ಹೊಟ್ಟು ಉದುರಿತು. ನೀರು ತಾಗಿಸಲಿಲ್ಲ, ಕೆರೆಯಲಿಲ್ಲ, ಬಿಸಿಲಿಗೆ ಛತ್ರಿ ಬಿಡಲಿಲ್ಲ. ಕಡೆಗೆ ಉಳಿದದ್ದು ಕಂದು ಬಣ್ಣದ ಎರಡು ಗೆರೆ, ಎಡಗಡೆಯದು ಕೂದಲೆಳೆಯಷ್ಟು ಮೇಲೆ.

ದೀಪಾವಳಿಗೆ ಬಂದ ನಾದಿನಿ ಬಾಗಿಲಲ್ಲೇ ನಿಂತು ನನ್ನ ಮುಖವನ್ನು ದಿಟ್ಟಿಸಿದಳು. ಅವಳ ಮಗಳ ಮದುವೆಯಾದ ಮೇಲೆ ನಮ್ಮಿಬ್ಬರ ನಡುವೆ ಮಾತು ಕಡಿಮೆಯಾಗಿತ್ತು.

"ಚಲೋ ಅದಾವ" ಎಂದಳು. "ಆದ್ರ ಸ್ವಲ್ಪ ಸಣ್ಣ ಆಗ್ಯಾವಲ್ಲ ವೈನಿ?"

"ನನಗ ಬೇಕಾದಷ್ಟ ಆಗ್ಯಾವ" ಎಂದು ಅವಳ ಕೈಯಿಂದ ಚೀಲ ಇಸಿದುಕೊಂಡೆ. "ಒಳಗ ಬಾ, ಚಹಾ ಕುಡಿಯೂಣು."