ಬಸ್ಸಿನ ಕಂಬಿಯಿಂದ ಛತ್ರದ ಕಂಬಕ್ಕೆ

ಇನ್ನೂ ಬೆಳಕು ಹರಿದಿಲ್ಲ. ನಂಜನಗೂಡಿನ ಹಳೇ ಛತ್ರವೊಂದರ ಜಗಲಿಯ ಮೇಲೆ ನಾಲ್ವರು ಹೆಂಗಸರು ಸಾಲಾಗಿ ನಿಂತು ಒದ್ದೆ ಟವೆಲ್ ಹಿಂಡುತ್ತಿದ್ದಾರೆ. ಒಗೆಯುವ ಕಲ್ಲಿಲ್ಲ, ಸೋಪಿಲ್ಲ, ಒಣಹಾಕುವ ಹಗ್ಗವೂ ಇಲ್ಲ. ಬದನವಾಳಿನ ದಪ್ಪ ಖಾದಿ ಟವೆಲ್ಲನ್ನು ಬಕೆಟ್ಟಿಗೆ ಅದ್ದುವುದು, ಕೊನೇ ಹನಿ ಬೀಳುವವರೆಗೂ ತಿರುಚುವುದು, ಮತ್ತೆ ಅದ್ದುವುದು. ದಾರಿಯಲ್ಲಿ ಹೋಗುವ ಹಾಲಿನವನು ಗಾಡಿ ನಿಧಾನ ಮಾಡಿ ನೋಡುತ್ತಾನೆ, ತಲೆಬುಡ ತಿಳಿಯದೆ ಹಾರನ್ ಹೊಡೆದು ಮುಂದೆ ಹೋಗುತ್ತಾನೆ.

“ಅದೇನವ್ವ ಕೂಸಿನ್ ಬಟ್ಟೆ ಇಂಡ್ದಂಗೆ ಇಂಡ್ತೀಯ? ಕಂಬ್ಳಿ ಅನ್ಕೊ, ಕಂಬ್ಳಿ! ಕಂಬ್ಳಿ ಇಂಡೋ ಕೈ ಬಂದ್ಮೇಲೆ ಕಂಬದ್ ಮಾತು,” ಎನ್ನುತ್ತಾ ಸಾಲಿನ ಹಿಂದೆ ಓಡಾಡುತ್ತಿರುವವರು ಮಂಗಳಮ್ಮ. ವಯಸ್ಸು ನಲವತ್ತು ದಾಟಿದೆ. ಇಸ್ತ್ರಿಯಾದ ಖಾಕಿ ಅಂಗಿ ಕಿಟಕಿಯ ಸರಳಿಗೆ ನೇತಾಡುತ್ತಿದೆ. ಇನ್ನೆರಡು ಗಂಟೆಯಲ್ಲಿ ಅದನ್ನು ತೊಟ್ಟು ನಂಜನಗೂಡು–ತಿ. ನರಸೀಪುರ ಬಸ್ಸಿನಲ್ಲಿ ಅವರು ಟಿಕೆಟ್ ಹರಿಯಬೇಕು. ಅದಕ್ಕೆ ಮುಂಚಿನ ಈ ಹೊತ್ತಿನಲ್ಲಿ ಅವರು ಹೆಂಗಸರಿಗೆ ಪೋಲ್ ಡ್ಯಾನ್ಸ್ ಕಲಿಸುತ್ತಾರೆ.

ನೆಟ್ಟ ಉಕ್ಕಿನ ಕಂಬವನ್ನು ಕೈಯಿಂದ, ತೊಡೆಯಿಂದ, ಮೊಣಕಾಲ ಸಂದಿನಿಂದ ಹಿಡಿದು ಏರುವ, ಸುತ್ತುವ, ಕುಣಿಯುವ ವಿದ್ಯೆ ಅದು. ಊರಿನ ಕೆಲವು ಬಾಯಿಗಳಲ್ಲಿ ‘ಪೋಲ್’ ಸವೆದು ‘ಪೋಲಿ’ ಆಗಿದೆ. ಮಂಗಳಮ್ಮ ತಿದ್ದಲು ಹೋಗುವುದಿಲ್ಲ. “ಗಂಡಸ್ರು ಗರಡೀಲಿ ಮಲ್ಲಕಂಬ ಅತ್ತುದ್ರೆ ವಿದ್ಯೆ. ನಾವು ಅತ್ತುದ್ರೆ ಪೋಲಿ. ಅನ್ಲಿ ಬುಡಿ, ಅಂದೋರ್ ಮನೆ ಎಣ್ಮಕ್ಳೇ ಬಂದು ಇಲ್ಲಿ ಟವೆಲ್ ಇಂಡ್ತಾ ಅವ್ರೆ,” ಎಂದು ನಗುತ್ತಾರೆ.

ಇವತ್ತಿನ ನಗುವಿನಲ್ಲಿ ಮಾತ್ರ ಎಂದಿನ ಸಲೀಸಿಲ್ಲ. ಕಂಬ ಇರುವುದು ಒಳಗೆ, ಊಟದ ಹಾಲಿನಲ್ಲಿ. ಬಾಗಿಲಿಗೆ ಬೀಗ. ಛತ್ರಕ್ಕೆ ಬೀಗರು ಬರುವುದು ವಾಡಿಕೆ, ಈ ಸಲ ಬಂದದ್ದು ಬರೀ ಬೀಗ. ಆಯುಧಪೂಜೆ ಕಳೆದ ಎರಡು ದಿನಕ್ಕೆ ಬಿಂದುಶ್ರೀ ಕಂಬದಿಂದ ಜಾರಿ ಬಿದ್ದು ಮಣಿಕಟ್ಟು ಉಳುಕಿಸಿಕೊಂಡಳು. ಬಿಂದುಶ್ರೀ ಎಂದರೆ ಛತ್ರದ ಯಜಮಾನ ಶಿವಮಲ್ಲಪ್ಪನವರ ಸೊಸೆ. ಅವತ್ತೇ ಬೀಗ ಬಿತ್ತು. “ದೀಪಾವಳಿ ಕಳೀಲಿ, ನೋಡಮ” ಎಂದಿದ್ದ ಯಜಮಾನರು ಇವತ್ತು ಬೆಳಿಗ್ಗೆ ಬರುತ್ತೇನೆಂದು ಹೇಳಿ ಕಳಿಸಿದ್ದಾರೆ. ಬಂದು ಬಾಗಿಲು ತೆಗೆಯಬಹುದು. ಇಲ್ಲವೇ ಕಂಬ ಕಿತ್ತುಕೊಂಡು ಹೋಗಿ ಅನ್ನಬಹುದು. ಕಿತ್ತರೆ ನೆಡಲು ಬೇರೆ ಜಾಗವಿಲ್ಲ. ಊರೆಲ್ಲ ತಿರುಗಿ ಕೇಳಿ, ಎಲ್ಲೆಡೆ ‘ಆಗಲ್ಲ’ ಅನ್ನಿಸಿಕೊಂಡ ಮೇಲೆ ಸಿಕ್ಕ ಸೂರು ಇದು.

ಮಂಗಳಮ್ಮನ ಹಿಡಿತಕ್ಕೆ ಮೊದಲ ಗುರು ಬಸ್ಸು. ಒಂದು ಕೈಯಲ್ಲಿ ಟಿಕೆಟ್ ಮಷೀನು, ಇನ್ನೊಂದರಲ್ಲಿ ಕಂಬಿ, ಕಾಲ ಬಳಿ ಹೆಮ್ಮಿಗೆಯ ಕಡೆಯವರ ತರಕಾರಿ ಮೂಟೆ. ಡ್ರೈವರ್ ಜವರಯ್ಯ ಬ್ರೇಕ್ ಒತ್ತಿದಾಗಲೆಲ್ಲ ಮೈಯ ಭಾರವೆಲ್ಲ ಬಲಗೈಗೆ. ಹೀಗೇ ವರ್ಷಗಳು ಉರುಳಿ, ಒಂದು ದಿನ ಬಲಭುಜ ಮುಷ್ಕರ ಹೂಡಿತು. “ಕೈ ತಲೆ ಮ್ಯಾಕೆ ಓಯ್ತಿರ್ಲಿಲ್ಲ ಕಣಿ. ಜಡೆ ಆಕ್ಕೊಳಕ್ಕೂ ಪಕ್ಕದ್ಮನೆಯವ್ಳ ಕರೀಬೇಕು.” ಮೈಸೂರಿನಲ್ಲಿ ತೋರಿಸಿದ ಡಾಕ್ಟರು, ನೋವು ಇಳಿದ ಮೇಲೆ ಸ್ನಾಯುಗಳಿಗೆ ಬಲ ಬರಿಸಿಕೊಳ್ಳಿ ಎಂದರು. ಅವರ ದನಿಯನ್ನು ಮಂಗಳಮ್ಮ ಮೂಗಿನಿಂದಲೇ ತೆಗೆದು ತೋರಿಸುತ್ತಾರೆ: “ನೋಡೀಮ್ಮಾ, ಎಕ್ಸರ್‌ಸೈಜ್ ಮಾಡ್ಬೇಕಮ್ಮಾ, ಬರೀ ಮುಲಾಮು ಹಚ್ಕೊಂಡ್ರೆ ಆಗಲ್ಲಮ್ಮಾ.” ಅದೇ ಕಟ್ಟಡದ ಮೇಲಿನ ಮಹಡಿಯಿಂದ ಹಾಡು ಕೇಳಿಸುತ್ತಿತ್ತು. ಕುತೂಹಲಕ್ಕೆ ಮೆಟ್ಟಿಲು ಹತ್ತಿದರು. ಒಳಗೆ ಕಂಬಗಳು, ಕಂಬಗಳ ಮೇಲೆ ಹುಡುಗಿಯರು.

“ನೋಡ್ದೇಟ್ಗೆ ಅಯ್ಯೋ ಇದು ನಂ ಬಸ್ಸಿನ್ ಕಂಬಿ ಅಲ್ವಾ ಅಂದ್ಕಂಡೆ. ನಾನು ಬೀಳ್ದಂಗೆ ಇಡ್ಕಂಡ್ ನಿಂತ್ಕತ್ತೀನಿ, ಇವ್ರು ಇಡ್ಕಂಡ್ ಆರ್ತಾ ಅವ್ರೆ!”

ವಾರದ ರಜೆಯನ್ನೆಲ್ಲ ಆ ಮಹಡಿಗೆ ಮುಡಿಪಿಟ್ಟು ಕಲಿತರು. ಅಲ್ಲಿನ ಟೀಚರು ತಿಂಗಳುಗಟ್ಟಲೆ ಅವರನ್ನು ಕಂಬ ಹತ್ತಿಸಲೇ ಇಲ್ಲ. ಆಗ ಟೀಚರ ಮೇಲೆ ಬಂದಂಥ ಸಿಟ್ಟಿಗೆ ಈಗ ಮಂಗಳಮ್ಮನೇ ಗುರಿ. ಹೊಸಬರನ್ನು ಅವರೂ ಕಂಬಕ್ಕೆ ಬಿಡುವುದಿಲ್ಲ. ಮೊದಲು ಟವೆಲ್ ಹಿಂಡಿ ಮುಂಗೈ ಗಟ್ಟಿ ಮಾಡಬೇಕು. ಆಮೇಲೆ ಗೇಟಿನ ಮೇಲಿನ ಅಡ್ಡಪಟ್ಟಿಗೆ ಜೋತು ಬೀಳುವುದು. ಬರೀ ಜೋತರೆ ಸಾಲದು, ಕಿವಿಗೆ ಅಂಟಿಕೊಂಡ ಭುಜವನ್ನು ಕೆಳಕ್ಕೆಳೆದು ಹಿಡಿಯಬೇಕು. ಗೋಡೆ ತಳ್ಳುವುದು ಸಲೀಸಾದ ಮೇಲೆ ನೆಲ ತಳ್ಳುವುದು. ಜೋತ ಸ್ಥಿತಿಯಲ್ಲೇ ಮೊಣಕಾಲನ್ನು ಎದೆಗೆ ತಂದರೆ ಹೊಟ್ಟೆ ಕೆಲಸ ಕಲಿಯುತ್ತದೆ. ಬಲಗೈಯಲ್ಲಿ ಮಾಡಿದ್ದನ್ನೆಲ್ಲ ಎಡಗೈಯಲ್ಲೂ ಮಾಡಲೇಬೇಕು. “ಎಡಗೈ ಏನು ಸವ್ತಿ ಮಗನಾ? ಅದ್ಕೂ ಬಡ್ಸು” ಎಂದು ಗದರುತ್ತಾರೆ. ನೋವಿದ್ದ ದಿನ ರಜೆ. ನೋವು ಮುಚ್ಚಿಟ್ಟವಳಿಗೆ ಬೈಗುಳ.

ಕಂಬದ ಕಥೆಯೇ ಬೇರೆ. ಮೊದಲನೆಯದನ್ನು ಮಾಡಿಕೊಟ್ಟವನು ಗ್ರಿಲ್ ಕೆಲಸದ ನಂಜೇಶ್. ಅವನ ಲೆಕ್ಕದಲ್ಲಿ ದಪ್ಪಗಿದ್ದಷ್ಟೂ ಭದ್ರ. ನೀರಿನ ಪೈಪಿಗಿಂತ ದಪ್ಪದ ಕಬ್ಬಿಣ ತಂದು, ಚೆನ್ನಾಗಿ ಕಾಣಲಿ ಅಂತ ಬೆಳ್ಳಿ ಬಣ್ಣ ಬೇರೆ ಬಳಿದಿದ್ದ. “ಕಂಬ ತಬ್ಬಿದ್ರೆ ಅರ್ಧ ಬಣ್ಣ ನನ್ ತೊಡೇಗೆ ಬತ್ತಿತ್ತು. ಮನೇಗೋದ್ರೆ ಗೇಟು ಬಂದಂಗೆ ಬತ್ತಿದ್ದೆ.” ನಂಜೇಶನದು ಬೇರೆ ವಾದ: “ಅಕ್ಕ, ನೀವು ಕಂಬ ಅಂದ್ರಿ. ಕುಣಿಯೋ ಕಂಬ ಅಂದ್ರಾ?”

ಈಗಿರುವುದು ಸ್ಟೇನ್‌ಲೆಸ್ ಸ್ಟೀಲು, ನಲವತ್ತೈದು ಮಿಲಿಮೀಟರಿನದು, ಬೆಸುಗೆಯ ಗೆರೆ ಕೈಗೆ ತಾಗದ್ದು. ಹಿಡಿದರೆ ಹೆಬ್ಬೆರಳೂ ನಡುಬೆರಳೂ ಹತ್ತಿರ ಹತ್ತಿರ ಬರಬೇಕು, ಹೊಸಬರಿಗೆ ಮಂಗಳಮ್ಮ ಹೇಳುವ ಅಳತೆ ಅದು. ಕೆಳಗೆ ಅಗಲವಾದ ಪಾದದ ತಟ್ಟೆ, ಮೇಲೆ ಕಾಂಕ್ರೀಟಿನ ತೊಲೆಗೇ ಬೋಲ್ಟು. ಶೀಟಿನ ಮನೆಗೆ, ಪಿಒಪಿ ಸೀಲಿಂಗಿಗೆ ಕಂಬ ಕೂರಿಸಿಕೊಡಿ ಎಂದು ಬಂದವರನ್ನು ಹಾಗೆಯೇ ವಾಪಸು ಕಳಿಸಿದ್ದಾರೆ. ನರಸೀಪುರದಿಂದ ಬರುವ ಶಿಷ್ಯೆಯೊಬ್ಬಳು ಫೋನಿನಲ್ಲಿ, ಬೋಲ್ಟಿಲ್ಲದೆ ನಿಲ್ಲುವ ಅಗ್ಗದ ಸ್ಪ್ರಿಂಗ್ ಕಂಬ ತರಿಸಿಕೊಂಡಿದ್ದಳು. ಮಂಗಳಮ್ಮ ಹೋಗಿ ಒಮ್ಮೆ ಅಲುಗಾಡಿಸಿ ನೋಡಿ ತೀರ್ಪು ಕೊಟ್ಟರು: “ಬಟ್ಟೆ ಒಣಗಾಕಕ್ಕೆ ಬೋ ಚೆನ್ನಾಗದೆ.” ತಾನೇ ಗಿರ್ರನೆ ತಿರುಗುವ ಕಂಬವೂ ಸಿಗುತ್ತದೆ, ಆದರೆ ನಿಂತ ಕಂಬ ಕೈಗೆ ಒಗ್ಗುವವರೆಗೆ ಅದು ಬೇಡ. ಸುತ್ತ ಹಾಸಲು ಗಟ್ಟಿ ಫೋಮಿನ ಹಾಸಿಗೆಯೇ ಆಗಬೇಕು, ಹತ್ತಿ ಹಾಸಿಗೆಯಲ್ಲಿ ಕಾಲು ಹೂತು ಪಾದ ತಿರುಚುತ್ತದೆ.

ಇನ್ನು ಉಡುಪು. ತೊಡೆಯ ಚರ್ಮ ಕಂಬಕ್ಕೆ ತಾಗದಿದ್ದರೆ ಹಿಡಿತವಿಲ್ಲ. ಹಾಗಾಗಿ ಎಲ್ಲರೂ ಚಡ್ಡಿಯ ಮೇಲೆ ನೈಟಿ ತೊಟ್ಟು ಬರುತ್ತಾರೆ, ಬಾಗಿಲು ಹಾಕಿದ ಮೇಲೆ ನೈಟಿ ಮೊಳೆಗೇರುತ್ತದೆ. ಬಳೆ, ಉಂಗುರ ಡಬ್ಬಿಗೆ. ಕಾಲುಂಗುರ ಬಿಚ್ಚಲು ಒಪ್ಪದವರಿಗೆ ಅದರ ಮೇಲೆ ಬಟ್ಟೆಯ ಪ್ಲಾಸ್ಟರು. ಮೈಗೆ ಎಣ್ಣೆ, ಕ್ರೀಮು ಹಚ್ಚಿಕೊಂಡು ಬಂದರೆ ಅವತ್ತು ಹತ್ತುವಂತಿಲ್ಲ. ಪ್ರತಿಯೊಬ್ಬರೂ ಹತ್ತುವ ಮುಂಚೆ ಕಂಬವನ್ನು ಸ್ಪಿರಿಟ್ಟಿನಲ್ಲಿ ಒರೆಸಬೇಕು. ಮಂಗಳಮ್ಮನ ಶಾಲೆಯಲ್ಲಿ ಇದು ಎಲ್ಲಕ್ಕಿಂತ ದೊಡ್ಡ ಕಟ್ಟಳೆ.

ಆ ಕಟ್ಟಳೆಯನ್ನು ಒಮ್ಮೆ ಮುರಿದವರು ಮಂಗಳಮ್ಮನೇ.

ಆಯುಧಪೂಜೆಯ ದಿನ ಶಿವಮಲ್ಲಪ್ಪನವರ ಪತ್ನಿ ಗುರುಸಿದ್ದಮ್ಮ ತಟ್ಟೆ ಹಿಡಿದು ಛತ್ರಕ್ಕೆ ಬಂದರು. ಒಲೆ, ಹಂಡೆ, ಜನರೇಟರು ಎಲ್ಲಕ್ಕೂ ಪೂಜೆ ಮಾಡಿ, ಸೊಸೆ ಹತ್ತುವ ಕಂಬವನ್ನು ಬಿಡಬಾರದೆಂದು ಅದಕ್ಕೂ ವಿಭೂತಿ ಬಳಿದರು, ಹೂ ಸುತ್ತಿದರು. ನುಣ್ಣನೆಯ ಸ್ಟೀಲಿನ ಮೇಲೆ ಕುಂಕುಮ ನಿಲ್ಲಲಿಲ್ಲ. ಹಬ್ಬದ ದಿನ ನಮ್ಮ ಅಜ್ಜಿಯರೆಲ್ಲ ಬೀರುವಿಗೆ, ಹೊಲಿಗೆ ಮಷೀನಿಗೆ ಏನು ಮಾಡುತ್ತಾರೋ ಅದನ್ನೇ ಅವರೂ ಮಾಡಿದರು. ಕೊಬ್ಬರಿ ಎಣ್ಣೆ ಸವರಿ, ಅದರ ಮೇಲೆ ಕುಂಕುಮ ಒತ್ತಿದರು. ಸವರಿದ್ದು ಎದೆಮಟ್ಟದಲ್ಲಿ, ಸರಿಯಾಗಿ ಕೈ ಹಿಡಿಯುವ ಜಾಗದಲ್ಲಿ.

ಎರಡು ದಿನ ಬಿಟ್ಟು ತರಗತಿ ಶುರುವಾದಾಗ ಮಂಗಳಮ್ಮ ಸ್ಪಿರಿಟ್ ಬಾಟಲಿ ಕೈಗೆತ್ತಿಕೊಂಡರು, ಕುಂಕುಮ ನೋಡಿ ಕೆಳಗಿಟ್ಟರು. ಪೂಜೆ ಮಾಡಿದ ಕಂಬಕ್ಕೆ ಆಸ್ಪತ್ರೆ ವಾಸನೆಯ ನೀರು ಸುರಿಯಲು ಮನಸ್ಸು ಬರಲಿಲ್ಲ. ಒಂದು ಬೊಟ್ಟು ಉಳಿಸಿ, ಮಿಕ್ಕದ್ದನ್ನು ಒಣ ಬಟ್ಟೆಯಲ್ಲಿ ಒರೆಸಿದರು. ಕುಂಕುಮ ಹೋಯಿತು, ಎಣ್ಣೆ ಉದ್ದಕ್ಕೂ ಹರಡಿತು. ಮೊದಲು ಹತ್ತಿದವಳು ಬಿಂದುಶ್ರೀ.

ಹೀಗಾಯಿತೆಂದು ಮಂಗಳಮ್ಮನಿಗೂ ಬಿಂದುಶ್ರೀಗೂ ಗೊತ್ತು. ಇಬ್ಬರೂ ಯಜಮಾನರ ಮನೆಯಲ್ಲಿ ಬಾಯಿ ಬಿಟ್ಟಿಲ್ಲ. ಅತ್ತೆ ಮಾಡಿದ ಪೂಜೆಯಿಂದ ಬಿದ್ದೆ ಎಂದು ಸೊಸೆ ಹೇಗೆ ಹೇಳಿಯಾಳು? “ಅವ್ವ ಪ್ರೀತಿಯಿಂದ ಮಾಡವ್ರೆ. ಅವ್ರ ಮ್ಯಾಲಾಕಿ ನಾನು ತಪ್ಪುಸ್ಕೊಳನಾ?” ಎನ್ನುತ್ತಾರೆ ಮಂಗಳಮ್ಮ.

ಬೆಳಕು ಹರಿಯುವ ಹೊತ್ತಿಗೆ ಯಜಮಾನರು ಬಂದೇ ಬರುತ್ತಾರೆ, ಹಿಂದೆ ಗುರುಸಿದ್ದಮ್ಮ. ಶಿವಮಲ್ಲಪ್ಪನವರು ಬೀಗ ತೆಗೆದು ಬಾಗಿಲು ತಳ್ಳುತ್ತಾರೆ. ಬಿಂದುಶ್ರೀಯೂ ಸೇರಿ ಹೆಂಗಸರೆಲ್ಲ ಒಳಗೆ ಹೋದರೂ ತಾವು ಮಾತ್ರ ಹೋಗುವುದಿಲ್ಲ. ಸೊಸೆ ಚಡ್ಡಿ ತೊಟ್ಟು ಹತ್ತುವ ಜಾಗದಲ್ಲಿ ಮಾವ ನಿಲ್ಲುವುದುಂಟೆ? ಜಗಲಿಯ ಕಲ್ಲಿನ ಮೇಲೆ ಬಾಗಿಲಿಗೆ ಬೆನ್ನು ಹಾಕಿ ಕೂತು, ರಸ್ತೆ ನೋಡುತ್ತಾ ವಿಚಾರಣೆ ಶುರು ಮಾಡುತ್ತಾರೆ.

“ಯಾಕ್ ಬಿದ್ಲು ಏಳು ಮಂಗಳಾ. ಸುತ್ತಿ ಬಳಸಿ ಏಳ್ಬೇಡ.”

“ಕಂಬ ಸರ್ಯಾಗಿ ಒರೆಸ್ಲಿಲ್ಲ ಯಜಮಾನ್ರೇ. ಒರೆಸೋದು ನನ್ ಕೆಲ್ಸ. ನಂದೇ ತಪ್ಪು.”

“ಏನಂಟಿತ್ತು ಅದ್ಕೆ?”

ಮಂಗಳಮ್ಮ ನೆಲದ ಹಾಸಿಗೆಯ ಅಂಚು ಎಳೆದು ನೇರ ಮಾಡುತ್ತಾರೆ. ಬಿಂದುಶ್ರೀ ಕಾಲುಂಗುರದ ಮೇಲಿನ ಪ್ಲಾಸ್ಟರು ಸರಿ ಮಾಡಿಕೊಳ್ಳುವವಳಂತೆ ಬಗ್ಗುತ್ತಾಳೆ.

“ಕೇಳುದ್ನಲ್ಲ? ತಪ್ಪು ಅಂತೀಯ, ಏನ್ ತಪ್ಪು ಅನ್ನಲ್ಲ. ಇಂಗಾದ್ರೆ ನಾಳೆ ಇನ್ನೊಬ್ಳು ಬೀಳ್ತಾಳೆ. ನಂಜೇಶನ್ಗೆ ಏಳ್ತೀನಿ, ಕಿತ್ತಾಕ್ಲಿ.”

ಅಷ್ಟರಲ್ಲಿ ಗುರುಸಿದ್ದಮ್ಮ ಒಳಗೆ ಕಂಬದ ಹತ್ತಿರ ಹೋಗಿದ್ದಾರೆ. ತಾವಿಟ್ಟ ಬೊಟ್ಟು ಹಾಗೇ ಇರುವುದು ಕಂಡು ಹಿಗ್ಗಿ, ಮುಟ್ಟಿ ಕಣ್ಣಿಗೊತ್ತಿಕೊಳ್ಳಲು ಹೋದವರ ಬೆರಳು ಕೆಳಕ್ಕೆ ಜಾರುತ್ತದೆ. ಹೆಬ್ಬೆರಳಿಗೆ ತೋರುಬೆರಳು ಉಜ್ಜಿ ನೋಡುತ್ತಾರೆ. ಮೂಸುತ್ತಾರೆ. ಸೊಸೆಯ ಮುಖ ನೋಡುತ್ತಾರೆ, ಮಂಗಳಮ್ಮನ ಮುಖ ನೋಡುತ್ತಾರೆ.

“ಕೊಬ್ರಿ ಎಣ್ಣೆ,” ಎನ್ನುತ್ತಾರೆ ಮೆಲ್ಲಗೆ. ಆಮೇಲೆ ಬಾಗಿಲಿಗೆ ಬಂದು ಗಟ್ಟಿಯಾಗಿ: “ಕೇಳುದ್ರಾ? ಎಣ್ಣೆ ಸವರ್ದೋಳು ನಾನು. ಕುಂಕುಮ ನಿಲ್ಲಲಿ ಅಂತ. ಕಂಬಕ್ಕೆ ಬೀಗ ಜಡುದ್ರಲ್ಲ, ಈಗ ನಂಗೆ ಜಡೀರಿ.”

ಯಜಮಾನರು ರಸ್ತೆಯಿಂದ ಕಣ್ಣು ತೆಗೆಯುವುದಿಲ್ಲ. “ನಿಂಗ್ ಜಡ್ಯೋ ಬೀಗ ಇನ್ನೂ ಯಾರೂ ಮಾಡಿಲ್ಲ ಕಣಮ್ಮಿ.”

ಒಳಗೆ ನಗು ಒತ್ತರಿಸಿಕೊಂಡು ಬರುತ್ತದೆ. ಗುರುಸಿದ್ದಮ್ಮ ನಗುವುದಿಲ್ಲ. ಮಂಗಳಮ್ಮನ ಎದುರು ನಿಂತು, “ಇಷ್ಟು ದಿನ ಮನೆ ಮುಂದ್ಲಿಂದ್ಲೇ ಓಡಾಡುದ್ಯಲ್ಲೇ. ಒಂದ್ ಮಾತು ಏಳ್ಬಾರ್ದಾಗಿತ್ತಾ? ಈ ಕೂಸಿನ್ ಕೈ ಮುರ್ದಿದ್ರೆ?” ಎನ್ನುತ್ತಾರೆ.

“ಪೂಜೆ ಮಾಡಿದ್ ಕೈಗೆ ಎಂಗೇಳನವ್ವ? ಒರೆಸ್ಬೇಕಾದೋಳು ನಾನು, ಒರೆಸ್ಲಿಲ್ಲ. ಅದೂ ಸುಳ್ಳಲ್ಲ.”

“ಸರಿ, ಈಗೊರೆಸು. ನಾನ್ ನೋಡ್ತೀನಿ.”

ಮಂಗಳಮ್ಮ ಬಾಟಲಿ ತೆರೆದು ಮೇಲಿನಿಂದ ಬುಡದವರೆಗೆ ಒರೆಸುತ್ತಾರೆ. ಆ ಬೊಟ್ಟನ್ನು ಗುರುಸಿದ್ದಮ್ಮನೇ ಸೆರಗಿನಿಂದ ತೆಗೆಯುತ್ತಾರೆ. “ಬರೋ ವರ್ಷ ಎಲ್ಲಿ ಮಡಗ್ಲಿ?” ಎಂಬ ಪ್ರಶ್ನೆಗೆ ಮಂಗಳಮ್ಮ ನೆಲದ ತಟ್ಟೆ ತೋರಿಸುತ್ತಾರೆ: “ಪಾದಕ್ಕೆ ಮಡಗಿ ಅವ್ವ. ಎಷ್ಟ್ ಬೇಕಾದ್ರೂ ಮಡಗಿ.”

ಬಿಂದುಶ್ರೀ ಮಣಿಕಟ್ಟನ್ನು ಎರಡೂ ಕಡೆ ತಿರುಗಿಸಿ ತೋರಿಸುತ್ತಾಳೆ. ನೋವಿಲ್ಲ ಎಂದು ಮಂಗಳಮ್ಮನಿಗೆ ಖಾತ್ರಿಯಾದ ಮೇಲೆಯೇ ಕಂಬ ಹಿಡಿಯುತ್ತಾಳೆ. ಪಾದ ಸಿಕ್ಕಿಸಿ, ಮೊಣಕಾಲು ಒತ್ತಿ, ಮೈ ಎಳೆದು ಮೇಲೇರುತ್ತಾಳೆ. ಹೊರಗಿನಿಂದ ಯಜಮಾನರ ಪ್ರಶ್ನೆ, ಒಳಗಿನಿಂದ ಗುರುಸಿದ್ದಮ್ಮನ ವೀಕ್ಷಕ ವಿವರಣೆ.

“ಅತ್ತುದ್ಲಾ?”

“ಅತ್ತುದ್ಲು.”

“ಎಷ್ಟೆತ್ರ?”

“ನಿಂ ತಲೆಗಿಂತ ಒಂದ್ ಗೇಣು ಮ್ಯಾಲೆ. ತೊಡೇಲಿ ಕಂಬ ಇಡ್ಕಂಡು ಕುರ್ಚಿ ಮ್ಯಾಲ್ ಕುಂತಂಗೆ ಕುಂತವ್ಳೆ. ಅಯ್ಯೋ, ಕೈ ಬುಟ್ಲು ಕಣಿ! ಎಲ್ಡೂ ಬುಟ್ಲು!”

ಜಗಲಿಯಲ್ಲಿ ಕುಳಿತವರು ಎದ್ದು ನಿಲ್ಲುತ್ತಾರೆ. ತಿರುಗುವಂತಿಲ್ಲ. “ಬಿದ್ಲಾ?”

“ಇಲ್ಲ. ನಗ್ತಾವ್ಳೆ.”

ಆಮೇಲೆ ಶಿವಮಲ್ಲಪ್ಪನವರ ದನಿ: “ಆ ಫ್ಯಾನ್ ಆಕ್ಕೊಳಕ್ಕೇಳು. ಕೈ ಬೆವತ್ರೂ ಜಾರ್ತದಲ್ವಾ.” ಬೀಗವನ್ನೂ ಬೀಗದ ಕೈಯನ್ನೂ ಜಗಲಿಯ ಕಲ್ಲಿನ ಮೇಲಿಡುತ್ತಾರೆ. ಅವರ ಕಡೆಯಿಂದ ತೀರ್ಪು ಇಷ್ಟೇ.

ಮೆಟ್ಟಿಲಿಳಿದವರು ತಡೆಯಲಾರದೆ ಮತ್ತೊಮ್ಮೆ ಕೂಗುತ್ತಾರೆ: “ಸಾಕು, ಇಳಿಯಕ್ಕೇಳಮ್ಮಿ!”

“ಈಗ್ತಾನೆ ಅತ್ತವ್ಳೆ, ಕುಂತ್ಕಳ್ಲಿ ಬುಡಿ,” ಎನ್ನುತ್ತಾರೆ ಗುರುಸಿದ್ದಮ್ಮ, ಕತ್ತೆತ್ತಿ ಸೊಸೆಯನ್ನೇ ನೋಡುತ್ತಾ.

ಮಂಗಳಮ್ಮ ಖಾಕಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಕಂಬದ ಕೆಳಗೇ ನಿಂತಿದ್ದಾರೆ, ಒಂದು ಕೈ ಮೇಲಕ್ಕೆ ಚಾಚಿ. ಇನ್ನೇನಾದರೂ ಆಸೆ ಇದೆಯೇ ಎಂದರೆ ದೊಡ್ಡ ಉತ್ತರವೇನೂ ಇಲ್ಲ. “ಅತ್ತಕ್ಕೆ ನಾನ್ ಏಳ್ಕೊಡ್ತೀನಿ. ಆದ್ರೆ ಬಿದ್ದು ಇಳೀಬಾರ್ದು, ಬೈಸ್ಕೊಂಡೂ ಇಳೀಬಾರ್ದು. ಸಾಕು ಅನ್ನುಸ್ದಾಗ ಅವ್ರಾಗವ್ರೇ ಇಳ್ದು ಬರ್ಬೇಕು. ನಂಗಷ್ಟಾದ್ರೆ ಆಯ್ತು.”

ಮೇಲಿರುವವಳಿಗೆ ಇಳಿಯುವ ಅವಸರವಿದ್ದಂತಿಲ್ಲ.