ಬಿಚ್ಚಣ್ಣ ಒತ್ತದ ಗುಂಡಿ

ನನ್ನ ಮೈದುನನಿಗೆ ಬೀದಿಯವರು ಇಟ್ಟ ಹೆಸರು ಬಿಚ್ಚಣ್ಣ. ಕೈಗೆ ಏನು ಸಿಕ್ಕರೂ ಅವನಿಗೆ ಬಿಚ್ಚಿ ನೋಡಬೇಕು. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಇನ್ನೂ ಚಡ್ಡಿ ಹಾಕುತ್ತಿದ್ದ. ನಾನು ತಂದ ಅಲಾರಾಂ ಗಡಿಯಾರವನ್ನು ಆವತ್ತೇ ಬಿಚ್ಚಿ ಹಾಸಿಗೆಯ ಮೇಲೆ ಹರವಿದ್ದ. ನಮ್ಮವರು ಬದುಕಿದ್ದಷ್ಟು ಕಾಲ ಅದು ಮತ್ತೆ ಬಡಿಯಲೇ ಇಲ್ಲ. ಕೊನೆಗೆ ಬಿಚ್ಚುವುದೇ ಕಸುಬಾಯಿತು. ಮುಂದಿನ ಕೋಣೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟ.

"ಬಿಚ್ಚೋಕೆ ಬಿಡದ ವಸ್ತು ನಮ್ದಲ್ಲ ಅತ್ತಿಗೆ," ಎನ್ನುತ್ತಿದ್ದ. ಮಗಳ ಮದುವೆಯಾದ ಹೊಸತರಲ್ಲಿ ಅಳಿಯ ಕೊಂಡಿದ್ದ ಹೊಸ ಫೋನನ್ನು ಕಂಪನಿಯ ಬೀಗದಿಂದ ಬಿಡಿಸುತ್ತೇನೆಂದು ಹೊರಟ. ಬೀಗವೇನೋ ಬಿಟ್ಟಿತು, ಜೊತೆಗೆ ಫೋನಿನ ಪ್ರಾಣವೂ ಹೋಯಿತು. ಒಳಗಿದ್ದ ಮದುವೆಯ ಫೋಟೋಗಳು ಒಂದೂ ಉಳಿಯಲಿಲ್ಲ. ಅಂದಿನಿಂದ ಮಗಳು ಅಪ್ಪನ ಜೊತೆ ಮಾತು ಬಿಟ್ಟಳು.

ಬುದ್ಧಿ ಬಂತೇ? ಎಲ್ಲಿಯ ಬುದ್ಧಿ! ತನಗೆಂದು ಬೇರೆ ಬಗೆಯ ಫೋನು ತರಿಸಿದ. ಅದರ ತಂತ್ರಾಂಶವನ್ನು ಯಾರು ಬೇಕಾದರೂ ನೋಡಬಹುದಂತೆ, ತಿದ್ದಬಹುದಂತೆ. ಬೀದಿಗೆಲ್ಲ ತೋರಿಸಿ ಬಂದ. ಆದರೆ ಸಿಗ್ನಲ್ ಹಿಡಿಯುವ ಚಿಪ್ ಮಾತ್ರ ಯಾವುದೋ ಕಂಪನಿಯದು. ಅದು ಎಚ್ಚರಾಗಬೇಕಾದರೆ ಕಂಪನಿ ಬೀಗ ಹಾಕಿಟ್ಟ ಪ್ರೋಗ್ರಾಂ ಬೇಕು. ಆ ಪ್ರೋಗ್ರಾಂ ಬೇಕಾದರೆ ಷರತ್ತುಗಳ ಕೆಳಗಿನ "ಒಪ್ಪಿದ್ದೇನೆ" ಗುಂಡಿ ಒತ್ತಬೇಕು. ಲೋಕವೆಲ್ಲ ಕಣ್ಣುಮುಚ್ಚಿ ಒತ್ತುವ ಗುಂಡಿ ಅದು. ನಮ್ಮ ಬಿಚ್ಚಣ್ಣ ಕನ್ನಡಕ ಏರಿಸಿಕೊಂಡು ಷರತ್ತುಗಳನ್ನೆಲ್ಲ ಓದಿದ. "ಈ ಪ್ರೋಗ್ರಾಮನ್ನು ಬಿಚ್ಚಿ ನೋಡಬಾರದು" ಎಂಬ ಸಾಲು ಕಣ್ಣಿಗೆ ಬಿತ್ತು. ಅಲ್ಲಿಗೆ ಮುಗಿಯಿತು ಕಥೆ. ಆ ಫೋನು ಟಾರ್ಚ್ ಬಿಡುತ್ತಿತ್ತು, ಹಾಡು ಹೇಳುತ್ತಿತ್ತು, ಅಂಗಡಿಯ ವೈಫೈ ಹಿಡಿದು ಹವಾಮಾನ ಕೂಡ ಹೇಳುತ್ತಿತ್ತು. ಮಾತಾಡುವುದೊಂದು ಬಿಟ್ಟು.

ಹೀಗಿರುವಾಗ ಅವನ ಮಗಳು ನನಗೆ ಫೋನು ಮಾಡಿದಳು. "ದೊಡ್ಡಮ್ಮ, ನಾಳೆ ಬೆಳಗ್ಗೆ ಅಪ್ಪನ ಆ ಮೂಕ ಫೋನಿಗೇ ಮಾಡ್ತೀನಿ. ನಿಮ್ಮ ಫೋನು ಕೊಡೋ ಹಾಗಿಲ್ಲ. ನನಗಿಂತ ಹಟಾನೇ ಹೆಚ್ಚು ಅಂದ್ರೆ ಹಟದ ಜೊತೇಲೇ ಇರ್ಲಿ. ನಾನಿನ್ನು ಮಾಡಲ್ಲ."

ಬೆಳಗ್ಗೆ ಬಿಚ್ಚಣ್ಣ ಫೋನನ್ನು ಮುಂದಿಟ್ಟುಕೊಂಡು ಕೂತ. ಬೆರಳು ಗುಂಡಿಯ ತನಕ ಹೋಗುತ್ತದೆ, ಬಿಸಿ ತಾಗಿದಂತೆ ಹಿಂದೆ ಬರುತ್ತದೆ.

"ಒತ್ತೋ, ಒತ್ತಿ ಸಾಯೋ!" ಎಂದೆ.

"ಬಿಚ್ಚಲ್ಲ ಅಂತ ಹೆಂಗೆ ಸುಳ್ಳು ಹೇಳ್ಲಿ ಅತ್ತಿಗೆ? ಬಿಚ್ಚೇ ಬಿಚ್ತೀನಿ ಅಂತ ನನಗೇ ಗೊತ್ತು!"

ಪಾತ್ರೆ ತೊಳೆಯುತ್ತಿದ್ದ ಅವನ ಹೆಂಡತಿ, ನನ್ನ ವಾರಗಿತ್ತಿ, ಕೈ ಒರೆಸಿಕೊಳ್ಳುತ್ತಾ ಬಂದಳು. "ನಿಮ್ಮನ್ನೇನು ನಾನು ಓದಿ ಒಪ್ಕೊಂಡಿದ್ನಾ? ಓದಿದ್ರೆ ಒಪ್ತಿದ್ನಾ?" ಎಂದವಳೇ ಹೆಬ್ಬೆರಳಲ್ಲಿ ಗುಂಡಿ ಒತ್ತಿಬಿಟ್ಟಳು.

ಸ್ವಲ್ಪ ಹೊತ್ತಿಗೆ ಫೋನು ಬಡಿದುಕೊಂಡಿತು. ಬಿಚ್ಚಣ್ಣ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಕಿವಿಯನ್ನಷ್ಟೇ ಮುಂದೆ ಚಾಚಿದ. ವಾರಗಿತ್ತಿ ಫೋನನ್ನು ಆ ಕಿವಿಗೆ ಹಿಡಿದಳು.

"ಅಪ್ಪಾ?"

"ನಾನೇ ಕಣಮ್ಮ. ಆ ಫೋಟೋ... ನನ್ನಿಂದ ತಪ್ಪಾಯ್ತು."

"ಬಿಡಿ. ಭಾನುವಾರ ಬರ್ತೀವಿ. ಇವರ ಫೋನು ಯಾಕೋ ಗೊರಗೊರ ಅಂತಿದೆ."

ಬಿಚ್ಚಣ್ಣನ ಮುಖ ಅರಳಿತು. "ತಗೊಂಡ್ ಬಾ, ತಗೊಂಡ್ ಬಾ! ಬರೀ ನೋಡ್ತೀನಿ."

"ಬಿಚ್ಚಲ್ಲ ಅಂತ ಒಪ್ಕೋತೀರಾ?"

"ನಿಮ್ಮಮ್ಮನ್ನ ಕೇಳು. ಈ ಮನೇಲಿ ಒಪ್ಪೋದೆಲ್ಲ ಅವಳೇ."

ಆ ಕಡೆ ಅವಳು ನಕ್ಕಿದ್ದು ನನಗೂ ಕೇಳಿಸಿತು. ಇವತ್ತಿಗೂ ಫೋನು ಬಡಿದರೆ ವಾರಗಿತ್ತಿ ಹಿಡಿಯುತ್ತಾಳೆ, ಅವನು ಕಿವಿ ಕೊಡುತ್ತಾನೆ. ಅಳಿಯ ಬಂದರೆ ಎಲ್ಲರ ಜೊತೆಯೂ ಚೆನ್ನಾಗಿಯೇ ಇರುತ್ತಾನೆ. ಫೋನನ್ನು ಮಾತ್ರ ಜೇಬಿನಿಂದ ತೆಗೆಯುವುದಿಲ್ಲ.