ಹೂಂ ಅಂದವನು ನಾನೇ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಐವತ್ತು ದಾಟಿದ ಒಬ್ಬ ಹೆಂಗಸಿನ ಧ್ವನಿಯನ್ನು ಕದ್ದು ಕಂಪನಿಯ ಫೋನ್ ಯಂತ್ರಕ್ಕೆ ಕೊಟ್ಟವನು ನಾನೇ. ಯಾರೂ ನನ್ನ ಕುತ್ತಿಗೆ ಹಿಡಿದಿರಲಿಲ್ಲ. ಎರಡು ಬಾಳೆಕಾಯಿ ಬಜ್ಜಿ, ಒಂದು ಕಾಫಿ, ಸುತ್ತ ನಿಂತಿದ್ದ ಏಳೆಂಟು ಜನರ ನಗು, ಇಷ್ಟಕ್ಕೇ ಕೊಟ್ಟೆ. ಬಜ್ಜಿ ಇಲ್ಲದಿದ್ದರೂ ನಗುವಿಗೇ ಕೊಡುತ್ತಿದ್ದೆ. ಅಷ್ಟು ಅಗ್ಗದ ಪ್ರಾಣಿ ನಾನು.

ಚಿಕ್ಕಂದಿನಿಂದ ನನಗೊಂದು ರೋಗ. ಎದುರಿಗಿದ್ದವರು ಎರಡು ಮಾತಾಡಿದರೆ ಮೂರನೆಯದನ್ನು ಅವರ ಗಂಟಲಿನಲ್ಲೇ ನಾನು ಆಡಿ ಮುಗಿಸುತ್ತೇನೆ. ಅಪ್ಪನಿಗೆ ಬ್ಯಾಂಕಿನಲ್ಲಿ ವರ್ಗವಾಗಿ ನಾವು ಮೈಸೂರು ಕಡೆಯಿಂದ ಮದರಾಸಿಗೆ ಬಂದ ಮೇಲೆ ರೋಗ ಉಲ್ಬಣಿಸಿತು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷು. ಅಣಕಿಸಲು ಜನಕ್ಕೆ ಬರವೇ ಇಲ್ಲ. ಕಾಲೇಜು ಮುಗಿಸಿ ಕೆಲವು ತಿಂಗಳು ವಡಪಳನಿಯ ಡಬ್ಬಿಂಗ್ ಥಿಯೇಟರುಗಳ ಬಾಗಿಲಲ್ಲಿ ನಿಂತೆ. ಸಿಕ್ಕಿದ್ದು ಗುಂಪಿನಲ್ಲಿ "ಬೆಂಕಿ ಬೆಂಕಿ" ಎಂದು ಕೂಗುವ ಪಾತ್ರ ಮಾತ್ರ. "ಒಂದ್ಸಲನಾದ್ರೂ ನಿನ್ ಸ್ವಂತ ಗಂಟಲಲ್ಲಿ ಮಾತಾಡೋ" ಎಂದು ಅಮ್ಮ ಗೋಗರೆಯುತ್ತಿದ್ದಳು. ಆ ಗಂಟಲು ಯಾವುದೆಂದು ನನಗೇ ಮರೆತುಹೋಗಿತ್ತು.

ಕೊನೆಗೆ, ಕಲಿತಿದ್ದ ಅರೆಬರೆ ಕಂಪ್ಯೂಟರಿನ ಪುಣ್ಯದಿಂದ, ಮಿಕ್ಸಿ ಮತ್ತು ಗ್ರೈಂಡರ್ ಮಾರುವ ಒಂದು ಕಂಪನಿಯ ದೂರು ವಿಭಾಗದಲ್ಲಿ ಕೆಲಸ ಸಿಕ್ಕಿತು. ಎರಡು ಸಾವಿರದ ಇಸವಿ ಆಗಷ್ಟೇ ಕಳೆದಿತ್ತು. ಆಫೀಸು ವಡಪಳನಿ ದೇವಸ್ಥಾನದ ಹಿಂದೆ, ಒಂದು ಟೈಲರ್ ಅಂಗಡಿಯ ಮೇಲೆ. ಕರ್ನಾಟಕದಲ್ಲಿ ಎಲ್ಲಿ ಮಿಕ್ಸಿ ಕೆಟ್ಟರೂ ಫೋನು ಅಲ್ಲಿಗೇ, ಮೂಲೆಯ ಒಂದೇ ಮೇಜಿಗೆ, ಅಲ್ಲಿ ಕೂತಿದ್ದ ಒಬ್ಬರೇ ಒಬ್ಬರು ಅಕ್ಕನಿಗೆ ಬರುತ್ತಿತ್ತು.

ಅಕ್ಕ ನಂಜನಗೂಡಿನವರು. ಮದುವೆಯಾಗಿ ಬಂದು ಮೂವತ್ತು ವರ್ಷ, ಪಲ್ಲಾವರಂನಲ್ಲಿ ಮನೆ. ಅವರ ಯಜಮಾನರು ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ಪ್ರೆಸ್ಸಿಗೆ ಕಂಪ್ಯೂಟರ್ ಬಂದಾಗ ಮೊಳೆಗಳನ್ನು ತೂಕಕ್ಕೆ ಹಾಕಿ ಅವರನ್ನು ಮನೆಗೆ ಕಳಿಸಿದರು. ಅಂದಿನಿಂದ ಮನೆ ನಿಂತಿದ್ದುದು ಅಕ್ಕನ ಆ ಕುರ್ಚಿಯ ಮೇಲೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

ಅಕ್ಕ ಫೋನಿನಲ್ಲಿ ಮಾತಾಡುವುದನ್ನು ಕೇಳಬೇಕಿತ್ತು.

"ಹೇಳಮ್ಮ, ಜಾರಿಗೆ ಏನ್ ಹಾಕಿದ್ರಿ? ಹೂಂ. ಒಣಕೊಬ್ಬರಿನಾ? ಹೂಂ. ಅಪ್ಪುರಂ, ಆಮೇಲೆ ಏನಾಯ್ತು? ಗರ್ ಅಂತ ನಿಂತೇ ಹೋಯ್ತಾ? ಹೂಂ ಹೂಂ. ಈಗ ಪ್ಲಗ್ ಕಿತ್ತು, ಮಿಕ್ಸಿನ ಮಗ್ಗುಲಿಗೆ ಮಲಗ್ಸಿ. ಹೊಟ್ಟೆ ಕೆಳಗೆ ಒಂದು ಕೆಂಪು ಗುಂಡಿ ಇದೆ ನೋಡಿ. ಅದನ್ನ ಅದುಮಿ. ಈಗ ಹಾಕಿ. ತಿರುಗ್ತಾ? ಸರಿ, ಹೋಗಿ ಮೊದ್ಲು ಸಾರಿಗಿಡಿ, ನಿಮ್ಮತ್ತೆ ಕಾಯ್ತಿರ್ತಾರೆ."

ಹತ್ತು ಮಿಕ್ಸಿಯಲ್ಲಿ ಏಳು ಆ ಕೆಂಪು ಗುಂಡಿಗೇ ಬದುಕುತ್ತಿದ್ದವು. ಉಳಿದವನ್ನು ಫೋನಿನ ಹತ್ತಿರ ಹಿಡಿದು ಓಡಿಸಲು ಹೇಳಿ, ಕಣ್ಣು ಮುಚ್ಚಿ ಕೇಳಿ, "ಬುಷ್ ಹೋಗಿದೆ, ಮೆಕ್ಯಾನಿಕ್ ಕಳಿಸ್ತೀನಿ" ಎನ್ನುತ್ತಿದ್ದರು. ಈ ನಡುವೆ ಎದುರಿನವರ ಸೊಸೆ, ಮಳೆ, ಮೊಣಕಾಲು ಎಲ್ಲ ಬಂದುಹೋಗುತ್ತಿದ್ದವು. ಪ್ರತಿಯೊಂದಕ್ಕೂ ಅಕ್ಕನದೊಂದು ಹೂಂ. ಮೂಗಿನಲ್ಲಿ ಹುಟ್ಟಿ ಎದೆಯಲ್ಲಿ ಮುಗಿಯುವ ಹೂಂ ಅದು. ನಾನು ಅದನ್ನು ಎರಡೇ ದಿನದಲ್ಲಿ ಕಲಿತೆ.

ಮ್ಯಾನೇಜರಿಗೆ ಆ ಹೂಂ ಎಂದರೆ ಹೊಟ್ಟೆಯುರಿ. ತಮಿಳಿನವರು, ಕನ್ನಡ ಬಾರದು, ಗೋಡೆ ತುಂಬ ಅಂಕಿಗಳ ಬೋರ್ಡು. "ಎಲ್ಲಾಂ ನಂಬರ್ ದಾನ್ ತಂಬಿ" ಎನ್ನುವುದು ಅವರ ಜಪ, ಎಲ್ಲವೂ ಅಂಕಿಯೇ ತಮ್ಮಾ ಎಂದು. ಒಂದು ಕರೆ ಎರಡು ನಿಮಿಷದಲ್ಲಿ ಮುಗಿಯಬೇಕೆಂದು ಮೇಲಿನಿಂದ ಅಪ್ಪಣೆ. ಅಕ್ಕನದು ಏಳು ನಿಮಿಷ. ಅಕ್ಕ ಫೋನಿನಲ್ಲೇ ರಿಪೇರಿ ಮಾಡಿದರೆ ಮೆಕ್ಯಾನಿಕ್ ಹೋಗುವುದಿಲ್ಲ, ಬಿಡಿಭಾಗ ಮಾರಾಟವಾಗುವುದಿಲ್ಲ. ಹಾಗಾಗಿ ಬೋರ್ಡಿನ ಪ್ರಕಾರ ಇಡೀ ಆಫೀಸಿನಲ್ಲಿ ಅತ್ಯಂತ ಕೆಟ್ಟ ಕೆಲಸಗಾರರೆಂದರೆ, ಮಿಕ್ಸಿಗಳನ್ನು ನಿಜವಾಗಿ ತಿರುಗಿಸುತ್ತಿದ್ದ ಅಕ್ಕ! ಅತ್ಯುತ್ತಮ ಯಾರು ಎಂದರೆ ಹೇಳಲು ನಾಚಿಕೆ. ತಮಿಳು ಮೇಜಿನ ಒಬ್ಬ, ಎರಡನೇ ನಿಮಿಷಕ್ಕೆ ಸರಿಯಾಗಿ ಲೈನ್ ಕತ್ತರಿಸಿಬಿಡುತ್ತಿದ್ದ.

ಆಗ ಬಂತು ಯಂತ್ರ. ಅದಾಗಿಯೇ ಫೋನೆತ್ತಿ, 'ಇದಕ್ಕೆ ಒಂದು ಒತ್ತಿ, ಅದಕ್ಕೆ ಎರಡು ಒತ್ತಿ' ಎನ್ನುವಂಥದ್ದು. ಮಾರಲು ಬಂದವನು ಮೇ ತಿಂಗಳ ಮದರಾಸಿನಲ್ಲಿ ಟೈ ಕಟ್ಟಿದ್ದ. ತೋರಿಸಿದ ಸಾಫ್ಟ್‌ವೇರಿನಲ್ಲಿ ಎರಡೇ ಖಾನೆ. ಕರೆ ಮಾಡಿದವರು ಕೊನೆಯ 'ವಂದನೆಗಳು' ಕೇಳುವ ತನಕ ಫೋನ್ ಹಿಡಿದಿದ್ದರೆ 'ಬಗೆಹರಿದ ದೂರು'. ಮೊದಲೇ ಇಟ್ಟರೆ 'ಕೈಬಿಟ್ಟ ಕರೆ'. ಅಷ್ಟೇ.

"ಮಿಕ್ಸಿ ಸರಿಹೋಯ್ತಾ ಅಂತ ತಿಳಿಯೋಕೆ ಖಾನೆ ಎಲ್ಲಿದೆ?" ಎಂದು ನಾನು ಕೇಳಿದೆ. ಇಡೀ ಪ್ರಕರಣದಲ್ಲಿ ನಾನು ಕೇಳಿದ ಒಂದೇ ಒಂದು ಸರಿಯಾದ ಪ್ರಶ್ನೆ ಅದು.

ಟೈನವನು ಮಗುವಿಗೆ ಹೇಳುವಂತೆ ಹೇಳಿದ: "ಬ್ರದರ್, ಮಿಕ್ಸಿ ಕೆಟ್ಟೋರು ಸಾಫ್ಟ್‌ವೇರ್ ಕೊಂಡ್ಕೊಳ್ಳಲ್ಲ. ಮ್ಯಾನೇಜರ್‌ಗಳು ಕೊಂಡ್ಕೊಳ್ತಾರೆ."

ಅದೇ ಹೊತ್ತಿಗೆ ಅಕ್ಕ ತಂಗಿಯ ಮಗಳ ಮದುವೆಗೆಂದು ನಂಜನಗೂಡಿಗೆ ಹೋಗಿದ್ದರು, ಹತ್ತು ದಿನ ರಜೆ. ಕನ್ನಡಕ್ಕೆಂದು ಟೈನವನು ತಂದಿದ್ದ ರೆಕಾರ್ಡಿಂಗು ರೇಡಿಯೋ ವಾರ್ತೆಯಂತಿತ್ತು. ಮಿಕ್ಸಿ ಕೆಟ್ಟವರಿಗೆ ದೇಶವೇ ಮುಳುಗಿತೆಂದು ಗಾಬರಿಯಾಗಬೇಕು. ಸಂಜೆ ಕಾಫಿಯ ಹೊತ್ತು, ಎಲ್ಲರ ಮುಂದೆ ನಾನು ಎಂದಿನಂತೆ ಅಕ್ಕನಾದೆ. "ಹೇಳಮ್ಮ, ಏನಾಯ್ತು? ಹೂಂ." ಕನ್ನಡ ಬಾರದ ಮ್ಯಾನೇಜರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುವುದು ನಿಂತ ಮೇಲೂ ನನ್ನನ್ನೇ ನೋಡುತ್ತಿದ್ದರು. ಆಗಲೇ ನಾನು ಎದ್ದು ಓಡಬೇಕಿತ್ತು. ಓಡದೆ ಇನ್ನೊಂದು ಬಜ್ಜಿ ತೆಗೆದುಕೊಂಡೆ.

ಬಿಡಿಭಾಗಗಳ ಕೋಣೆಯಲ್ಲಿ, ರಟ್ಟಿನ ಪೆಟ್ಟಿಗೆಗಳ ನಡುವೆ ಕೂರಿಸಿ ರೆಕಾರ್ಡ್ ಮಾಡಿಕೊಂಡರು. ನನ್ನ ಗಂಟಲು ಇನ್ನೂ ಪೂರ್ತಿ ಒಡೆದಿಲ್ಲವೆಂದು ಗೆಳೆಯರು ರೇಗಿಸುತ್ತಿದ್ದರು. ಅದರಲ್ಲಿ ಒಡೆದಿದ್ದಷ್ಟನ್ನು ಫೋನಿನ ತಂತಿ ನುಂಗಿಕೊಂಡಿತು. ಉಳಿದದ್ದು ಸಾಕ್ಷಾತ್ ಅಕ್ಕ.

ಯಂತ್ರ ಶುರುವಾಯಿತು, ಗೊಂದಲವೂ ಶುರುವಾಯಿತು. "ಮಿಕ್ಸಿಯ ದೂರಿಗೆ ಒಂದು ಒತ್ತಿ" ಎಂದು ನಾನು ಅಕ್ಕನ ಬಾಯಲ್ಲಿ ಹೇಳಿದ್ದೆ. ನಮ್ಮ ಮಿಕ್ಸಿಯ ಮೇಲೂ ಒಂದು, ಎರಡು, ಮೂರು ಎಂಬ ಗುಂಡಿಗಳಿದ್ದವು. ಇಷ್ಟು ವರ್ಷ ಅಕ್ಕ ಒತ್ತಿ ಎಂದರೆ ಮಿಕ್ಸಿಯನ್ನೇ ಒತ್ತಿದ ಜನ, ಈಗಲೂ ಅದನ್ನೇ ಒತ್ತಿದರು. "ಒಂದು ಒತ್ತಿದೀನಿ ಅಕ್ಕ, ತಿರುಗ್ತಾನೇ ಇಲ್ಲ! ಎರಡು ಒತ್ಲಾ?" ಎಂದು ಕೂಗಿ ಕೂಗಿ ಸಾಕಾಗಿ ಫೋನಿಡುತ್ತಿದ್ದರು. ಬೋರ್ಡಿನಲ್ಲಿ 'ಕೈಬಿಟ್ಟ ಕರೆ' ಬೆಟ್ಟದಂತೆ ಏರಿತು.

ಮ್ಯಾನೇಜರ್ ತಲೆ ಚಚ್ಚಿಕೊಂಡರು. "ಅವರನ್ನ ಲೈನಲ್ಲೇ ಹಿಡಿದಿಡು ತಂಬಿ, ಏನಾದ್ರೂ ಮಾಡು."

ನನ್ನ ಎರಡನೆಯ ಮೂರ್ಖತನ ಇಲ್ಲಿದೆ, ಇದಕ್ಕೆ ಬಜ್ಜಿಯ ನೆಪವೂ ಇಲ್ಲ. ಒತ್ತುವುದೇ ಬೇಡ, ಅವರು ಹೇಳುತ್ತ ಹೋಗಲಿ, ಮಾತು ನಿಂತು ಎರಡು ಕ್ಷಣವಾದರೆ ಯಂತ್ರ 'ಹೂಂ' ಎನ್ನಲಿ ಎಂದೆ. ಹತ್ತನೆಯ ಹೂಂ ಆದ ಮೇಲೆ 'ದೂರು ಬರೆದುಕೊಂಡಿದೀನಿ, ವಂದನೆಗಳು' ಎನ್ನಲಿ. ಕೂತು ನಾನೇ ಬರೆದೆ ಆ ಪ್ರೋಗ್ರಾಮನ್ನು. ಜೀವನದಲ್ಲಿ ನಾನು ಬರೆದ ಪ್ರೋಗ್ರಾಮುಗಳಲ್ಲಿ ಒಂದೂ ತಪ್ಪಿಲ್ಲದೆ ಓಡಿದ್ದು ಅದೊಂದೇ, ಅದೇನು ಶಾಪವೋ.

ಹೂಂ ಎನ್ನುವವರು ಸಿಕ್ಕರೆ ನಮ್ಮ ಜನ ನಿಲ್ಲಿಸುತ್ತಾರೆಯೇ? ಒಬ್ಬರೂ ಫೋನಿಡಲಿಲ್ಲ. ನಾಲ್ಕೇ ದಿನದಲ್ಲಿ ಎಲ್ಲ ದೂರುಗಳೂ 'ಬಗೆಹರಿದ'ವು. ಅವರು ಹೇಳಿದ್ದೆಲ್ಲ ಯಂತ್ರದಲ್ಲಿ ಧ್ವನಿಯಾಗಿ ಉಳಿಯುತ್ತಿತ್ತು, ನಿಜ. ಅದನ್ನು ಕೇಳಲು ಯಾರನ್ನೂ ನೇಮಿಸಲಿಲ್ಲ. ಆ ಕೆಲಸಕ್ಕೆ ಬೋರ್ಡಿನಲ್ಲಿ ಖಾನೆ ಇರಲಿಲ್ಲವಲ್ಲ.

ಅಕ್ಕ ಮದುವೆಯ ಚಿರೋಟಿ ಹಿಡಿದು ವಾಪಸಾದರು. ಮೂಲೆಯ ಮೇಜಿನ ಫೋನು ಇರಲಿಲ್ಲ. "ಕನ್ನಡಕ್ಕೆ ಈಗ ಮೆಷಿನ್ ಇದೆ, ಸದ್ಯಕ್ಕೆ ಬಿಡಿಭಾಗ ಪ್ಯಾಕ್ ಮಾಡಿ" ಎಂದು ಮ್ಯಾನೇಜರ್ ಹೇಳಿದರು. ಧ್ವನಿ ಯಾರದೆಂದು ಯಾರೂ ಹೇಳಲಿಲ್ಲ. ನಾನಂತೂ ಅವರು ಕೊಟ್ಟ ಚಿರೋಟಿಯನ್ನು ಬಾಯಿಗೆ ತುರುಕಿಕೊಂಡೆ, ಮಾತಾಡಬೇಕಾಗಲಿಲ್ಲ.

ಮೂರು ದಿನ ಹಾಗೇ ಹೋಯಿತು. ನಾಲ್ಕನೆಯ ದಿನ ಬೆಳಿಗ್ಗೆ ಅಕ್ಕ ನೇರ ನನ್ನ ಮೇಜಿಗೆ ಬಂದರು. ಅವರ ಯಜಮಾನರಿಗೆ ಮಧ್ಯಾಹ್ನ ನಾಲ್ಕಕ್ಕೆ ಆಫೀಸಿಗೆ, ಅಕ್ಕನ ಆ ಕನ್ನಡ ನಂಬರಿಗೇ, ಒಂದು ಫೋನ್ ಮಾಡುವ ಅಭ್ಯಾಸ.

"ನಿನ್ನೆ ಮನೆಗೆ ಹೋದ್ರೆ ನಮ್ಮನೆಯವ್ರದು ಜಗಳ ಕಣೋ. ತಾ ಅಂದಿದ್ದ ಕರಿಬೇವೆಲ್ಲಿ, ಮೊಸರೆಲ್ಲಿ, ನಂಗೆ ಕಾಲು ಊದಿದೆ ಅಂದಿದ್ದಕ್ಕೂ ಹೂಂ ಅಂದೆಯಲ್ಲ ಅಂತ. ನಾನು ಫೋನೇ ಎತ್ತಿಲ್ಲ ಅಂದ್ರೆ ಸುಳ್ಳು ಬೇರೆ ಹೇಳ್ತೀಯಾ ಅಂತಾರೆ. ಮೂವತ್ತು ವರ್ಷ ನನ್ ಜೊತೆ ಬಾಳಿದೋರು." ನನ್ನ ಮುಖ ನೋಡಿದರು. "ಈಗ ಕೆಳಗಿನ ಅಂಗಡಿಯಿಂದ ಆ ನಂಬರಿಗೆ ಮಾಡಿ ಕೇಳ್ದೆ. ನೀನೇ ಅಲ್ವಾ?"

"ತಮಾಷೆಗೆ ಮಾಡಿದ್ದು ಅಕ್ಕ..."

"ಚೆನ್ನಾಗೇ ಮಾಡಿದೀಯ. ಮೂಗಲ್ಲಿ ಎಳೆಯೋದು ಕೂಡ ಬಿಟ್ಟಿಲ್ಲ. ಒಂದೇ ಒಂದು ತಪ್ಪಿದೆ. ನಾನು ಕೇಳಿಸ್ಕೊಂಡ ಮೇಲೆ ಹೂಂ ಅಂತೀನಿ."

ಬೈದಿದ್ದರೆ ಆ ಬೈಗುಳವನ್ನೂ ಕಲಿತುಕೊಳ್ಳುತ್ತಿದ್ದೆ. ಇದನ್ನು ಹೇಗೆ ಅಣಕಿಸುವುದು?

ಮ್ಯಾನೇಜರ ಹತ್ತಿರ ಹೋಗಿ, ಅಕ್ಕನನ್ನು ಮತ್ತೆ ಫೋನಿಗೆ ಕೂರಿಸಿ ಎಂದು ಬೇಡಿದೆ. ಅವರು ಗೋಡೆಯ ಬೋರ್ಡನ್ನು ತೋರಿಸಿದರು. ಕೈಬಿಟ್ಟ ಕರೆ: ಸೊನ್ನೆ. "ಸೊನ್ನೆಯನ್ನ ಇನ್ನೆಷ್ಟು ಇಳಿಸೋಕಾಗತ್ತೆ ಅವರಿಂದ?" ಎಂದರು. ಅಣಕಿಸುವವನು ಅಂಗಲಾಚಿದರೆ ಅದೂ ಅಣಕದಂತೆಯೇ ಕೇಳಿಸುತ್ತದೆ ಎನ್ನುವುದು ಆವತ್ತು ಗೊತ್ತಾಯಿತು. ಪಕ್ಕದ ಮೇಜಿನವನು ನಗುತ್ತಿದ್ದ. ತಿಂಗಳ ಕೊನೆಗೆ ಅಕ್ಕನಿಗೆ ಒಂದು ಚೀಟಿ ಕೊಟ್ಟರು. ಅವರು ತಮ್ಮ ಕುರ್ಚಿಯ ದಿಂಬು, ಸ್ಟೀಲ್ ಲೋಟ ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದರು.

ಮಳೆಗಾಲದ ಹೊತ್ತಿಗೆ ಯಂತ್ರದ ಹೊಟ್ಟೆ ತುಂಬಿತು. ಮೈಸೂರು, ಹಾಸನ, ಶಿವಮೊಗ್ಗದ ಅಂಗಡಿಗಳವರು ಮ್ಯಾನೇಜರಿಗೇ ನೇರ ಫೋನ್ ಮಾಡಿ ಉಗಿಯತೊಡಗಿದರು. ಗಿರಾಕಿಗಳು ಮಿಕ್ಸಿ ಹೊತ್ತು ತಂದು ಅಂಗಡಿ ಮುಂದೆ ಇಟ್ಟು ಹೋಗುತ್ತಿದ್ದಾರಂತೆ. ಹೊಸ ಮಿಕ್ಸಿ ಒಂದೂ ಹೋಗುತ್ತಿಲ್ಲವಂತೆ. ಮಾರಾಟದ ಬೋರ್ಡು ಬಿದ್ದಾಗ ಮಾತ್ರ ಮೇಲಿನವರಿಗೆ ಜ್ವರ ಬರುತ್ತದೆ. ತುಂಬಿದ್ದೆಲ್ಲವನ್ನೂ ಕೇಳಿ ಪಟ್ಟಿ ಮಾಡಲು ನನ್ನನ್ನೇ ಕೂರಿಸಿದರು. ನ್ಯಾಯವೇ ಬಿಡಿ.

ಕಿವಿಗೆ ಹೆಡ್‌ಫೋನ್ ಹಾಕಿ ಹನ್ನೊಂದು ದಿನ ನನ್ನ ಹೂಂ ಕೇಳಿದೆ. ಹಾಸನದ ಕಡೆಯ ಒಬ್ಬಾಕೆ ಐದು ಸಲ ಮಾಡಿದ್ದರು. ಮನೆಯಲ್ಲೇ ಇಡ್ಲಿ ಹಿಟ್ಟು ರುಬ್ಬಿ ಮಾರುವವರು, ಗ್ರೈಂಡರ್ ನಿಂತಿತ್ತು. ಐದನೆಯ ಸಲ ದೂರನ್ನೇ ಹೇಳಲಿಲ್ಲ. "ಅಕ್ಕ, ನಿಮಗೆ ಮೈ ಸರಿಯಿಲ್ವಾ? ಮೊದಲೆಲ್ಲ ಏನಾದ್ರೂ ಹೇಳ್ತಿದ್ರಿ. ಈಗ ಬರೀ ಹೂಂ ಅಂತೀರಿ."

ಎರಡು ಕ್ಷಣದ ಮೌನ. ನಾನು ಬರೆದ ಪ್ರೋಗ್ರಾಮು ತಪ್ಪದೆ ಓಡಿತು. "ಹೂಂ" ಎಂದೆ.

ಹೆಡ್‌ಫೋನ್ ಕಿತ್ತು ಮ್ಯಾನೇಜರ ಮೇಜಿನ ಮೇಲಿಟ್ಟು, ಆಕೆ ಹೇಳಿದ್ದನ್ನು ತಮಿಳಿನಲ್ಲಿ ಹೇಳಿದೆ. ಕನ್ನಡ ಬಾರದಿದ್ದರೂ ಅವರು ಅದನ್ನು ಎರಡು ಸಲ ಕೇಳಿದರು. "ಅವರನ್ನೇ ಕರೆಸು" ಎಂದರು. "ಅದೇ ಮೇಜು, ಅದೇ ಕುರ್ಚಿ. ಏಳು ನಿಮಿಷವಾದರೂ ಮಾತಾಡಲಿ. ನೀನೇ ಕೇಳು ತಂಬಿ, ನಿಮ್ಮ ಭಾಷೆಯಲ್ಲಿ ಕೇಳಿದರೆ ಇಲ್ಲ ಅನ್ನಲ್ಲ."

ಅಕ್ಕ ಆಗ ಪಲ್ಲಾವರಂನ ಒಂದು ಕಣ್ಣಾಸ್ಪತ್ರೆಯಲ್ಲಿ ಚೀಟಿ ಬರೆದುಕೊಡುವ ಕೆಲಸ ಹಿಡಿದಿದ್ದರು. ಅವರ ಮಧ್ಯಾಹ್ನದ ಊಟದ ಹೊತ್ತಿಗೆ ಅಲ್ಲಿಗೇ ಫೋನ್ ಮಾಡಿದೆ. ಮ್ಯಾನೇಜರ್ ಸ್ಪೀಕರ್ ಒತ್ತಿ ಪಕ್ಕದಲ್ಲಿ ಬಗ್ಗಿ ನಿಂತರು. ಅಂದು ಮೊದಲ ಸಲ ಯಾರ ಗಂಟಲನ್ನೂ ಕಡ ತರದೆ ಮಾತಾಡಿದೆ. ನನ್ನ ಸ್ವಂತದ್ದು ತೊದಲುತ್ತದೆ ಎಂದು ತಿಳಿಯಿತು. ತಪ್ಪಾಯಿತು ಎಂದೆ. "ಹೂಂ" ಎಂದರು ಅಕ್ಕ. ಹಾಸನದಾಕೆಯ ಮಾತು ಹೇಳಿದೆ. ನಿಲ್ಲುವಾಗ ಗ್ರೈಂಡರ್ ಎಂಥ ಸದ್ದು ಮಾಡಿತಂತೆ ಎಂದು ಕೇಳಿದರು, ಹೇಳಿದೆ. "ಆ ಗ್ರೈಂಡರಿಗೆ ಬೆಲ್ಟ್ ಬದಲಾಯ್ಸಕ್ಕೆ ಹೇಳು, ಇವತ್ತೇ ಹೇಳು" ಎಂದರು. ಆಮೇಲೆ ಕುರ್ಚಿಯ ವಿಷಯ ಹೇಳಿದೆ, ಏಳು ನಿಮಿಷದ ವಿಷಯ ಹೇಳಿದೆ, ಮ್ಯಾನೇಜರೇ ಬಾಯಿಬಿಟ್ಟು ಕೇಳುತ್ತಿದ್ದಾರೆ ಎಂದೆ. ಪ್ರತಿಯೊಂದಕ್ಕೂ ಹೂಂ. ಮ್ಯಾನೇಜರ್ ನನ್ನತ್ತ ಹೆಬ್ಬೆರಳೆತ್ತಿ ನಕ್ಕರು, ಕೆಲಸವಾಯಿತೆಂದು.

"ಹಾಗಾದ್ರೆ ಯಾವತ್ತಿಂದ ಬರ್ತೀರಾ ಅಕ್ಕ?"

"ನನ್ ಧ್ವನಿ ನಿಮ್ ಹತ್ರನೇ ಇದೆಯಲ್ಲಪ್ಪ. ಬರ್ತೀಯಾ ಅಂತ ಅದನ್ನೇ ಕೇಳು. ಹೂಂ ಅನ್ನತ್ತೆ."